ಪುಣೆ ಗಟಾರ, ನಮ್ಮೂರ ಹೊಳಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತು ಬ್ಯಾರೆ ವಿಷಯ ಮಾತಾಡಬೇಕಂತ ಇದ್ದೆ, ಬಿಟ್ಟೆ. ಹೋದ ವಾರ ನಮ್ಮವ್ವ ಊರಿಂದ ಪುಣೆಗೆ ಬಂದ್ಳು, ಅಫಜಲಪುರ ಕಡಿ ನಮ್ಮೂರು, ಬರೋ ಮುಂದ ಗಾಣಗಾಪುರಕ್ಕ ಹೋಗಿ ಸಂಗಮದಾಗ ಜಳಕ ಮಾಡಿ ಒಂದು ಬಾಟ್ಲಿ ತೀರ್ಥ ತುಂಬ್ಕೊಂಡು ಬಂದಿದ್ಳು. ಸ್ಟೇಷನ್‌ನಿಂದ ಮನಿಗೆ ರಿಕ್ಷಾದಾಗ ಬರ್ಲಿಕತ್ತಿದ್ವಿ, ಸಂಗಮ್ ಬ್ರಿಜ್ ಮ್ಯಾಲ ಟ್ರಾಫಿಕ್ ನಿಂತ್ತು, ಅವ್ವ ಸೆರಗು ಮೂಗಿಗೆ ಹಿಡ್ಕೊಂಡು "ಇದ್ಯಾವ ಗಟಾರಪಾ ಇಷ್ಟು ದೊಡ್ಡದು" ಅಂದ್ಳು. ಗಟಾರಲ್ಲವ್ವ, ಮುಠಾ ಹೊಳಿ, ಇಲ್ಲೇ ಮುಂದ ಮುಳಾ ಬಂದು ಕೂಡ್ತದ, ಇದೂ ಸಂಗಮಾನೇ ಅಂದೆ. "ಮುಂದ ಎಲ್ಲಿಗೆ ಹೋಗ್ತದ?"

ನಾ ಸುಮ್ಮನಾದೆ. ಯಾಕಂದ್ರ ಇದು ಹೋಗೋದು ನಮ್ಮೂರಿಗೇ ರೀ.

ಮುಳಾ-ಮುಠಾ ಹೋಗಿ ಭೀಮಾಕ್ಕ ಸೇರ್ತದ, ಭೀಮಾ ಉಜನಿ ಡ್ಯಾಮಿಗೆ, ಅಲ್ಲಿಂದ ಪಂಢರಪುರ, ಮುಂದ ಸೀನಾ ಬಂದು ಕೂಡ್ತದ, ಆಮ್ಯಾಲ ನಮ್ಮ ಅಫಜಲಪುರ, ಘತ್ತರಗಿ, ಗಾಣಗಾಪುರ, ಜೇವರ್ಗಿ, ಯಾದಗಿರಿ, ಕಡೀಕ ರಾಯಚೂರ ಕಡಿ ಕೃಷ್ಣಾ. ಅವ್ವನ ತೀರ್ಥದ ಬಾಟ್ಲಿ ಇದೇ ನೀರಿನ ಕೆಳಗಿನ ತುದಿದು. ಇಲ್ಲಿ ಫ್ಲಶ್ ಮಾಡಿದ್ದು ಹಂಗೇ ಹೋಗಿ ಅಲ್ಲಿ ಬೀಳ್ತದ ಅಂತ ನಾ ಹೇಳಲ್ಲ, ಅದು ಸುಳ್ಳಾಗ್ತದ. ನಡುವ ಉಜನಿ ಅದ, 117 ಟಿಎಂಸಿ ಹಿಡಿಯೋ ಡ್ಯಾಮು, ಪುಣೆ ಹೊಲಸೆಲ್ಲಾ ಮೊದಲ ಅಲ್ಲಿ ಕುಂದರ್ತದ. ಆದ್ರ ಅದೇ ಉಜನಿ ನೀರು ಸೋಲಾಪುರದ ಮಂದಿ ಕುಡೀತಾರ. ಅಲ್ಲೀ ಮೀನಗಾರರ ಬಲಿಗೆ ಈಗ ಬೀಳೋದು ಬಹಳಷ್ಟು ಚಿಲಾಪಿನೇ, ಅಂದ್ರ ಹೊರಗಿಂದ ಬಂದ ತಿಲಾಪಿಯಾ, ಎಂಥ ನೀರಾಗೂ ತಾಳ್ತದ, ಅದಕ್ಕ ಉಳೀತದ.

ಪುಣೆದಾಗ ಹೊಳಿ ಯಾಕ ಹಿಂಗಾತು ಅಂದ್ರ, ಮೊದಲ ಒಂದು ಮಾತು ತಿಳ್ಕೋರಿ, ಈ ಹೊಳಿಗೆ ಸ್ವಂತ ನೀರೇ ಇಲ್ಲ. ಮ್ಯಾಲ ಟೇಮಘರ, ವರಸಗಾವ್, ಪಾನಶೇತ್, ಖಡಕವಾಸಲಾ, ನಾಲ್ಕು ಡ್ಯಾಮು, ಘಟ್ಟದ ಮಳಿ ನೀರೆಲ್ಲಾ ಅಲ್ಲೇ ನಿಂತು ಪೈಪಿನಾಗ ನಮ್ಮ ನಳಕ್ಕ, ಕ್ಯಾನಲ್‌ನಾಗ ಕಬ್ಬಿಗೆ ಹೋಗ್ತದ. ಮಳಿಗಾಲ ಬಿಟ್ರ ಖಡಕವಾಸಲಾದ ಕೆಳಗ ಹೊಳ್ಯಾಗ ಹರಿಯೋದು ಹೆಚ್ಚುಕಮ್ಮಿ ನಾವು ಬಳಸಿ ಬಿಟ್ಟ ನೀರೇ. ತೆಳು ಮಾಡಲಿಕ್ಕ ಒಳ್ಳೇ ನೀರೇ ಇಲ್ಲಂದ್ರ ಸ್ವಲ್ಪ ಹೊಲಸೂ ಬಹಳ ಆಗ್ತದ, ಇಲ್ಲಂತೂ ಸ್ವಲ್ಪ ಅಲ್ಲ.

ಬಿಒಡಿ ಅಂತಾರಲ್ಲ, ಅದು ಕಷ್ಟದ್ದೇನಲ್ಲ, ಹೊಲಸು ಕೊಳಿಯುವಾಗ ನೀರಿನಾಗಿನ ಆಕ್ಸಿಜನ್ ಎಷ್ಟು ತಿಂತದ ಅನ್ನೋ ಲೆಕ್ಕ. ಜಳಕ ಮಾಡೋ ನೀರಂದ್ರ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು, ಕರಗಿದ ಆಕ್ಸಿಜನ್ 5ಕ್ಕಿಂತ ಕಡಿಮಿ ಇರಬಾರದು. ಕೇಂದ್ರ ಮಾಲಿನ್ಯ ಮಂಡಳಿ 2018ರಾಗ ದೇಶದ ಹೊಳಿಗಳ 351 ಕೆಟ್ಟ ಪಟ್ಟಿಗಳನ್ನ, ಅಂದ್ರ ಹೊಲಸಾದ ತುಂಡುಗಳನ್ನ, ಲೆಕ್ಕ ಹಾಕ್ತು, ಮಹಾರಾಷ್ಟ್ರದ್ದೇ 53, ಎಲ್ಲಾದಕಿಂತ ಹೆಚ್ಚು, ಮುಳಾ ಮುಠಾ ಪವನಾ ಇಂದ್ರಾಯಣಿ ಎಲ್ಲಾ ಅದರಾಗ. ಕರ್ನಾಟಕದ್ದು 17, ಅದರಾಗ ನಮ್ಮ ಭೀಮಾನೂ ಅದ. ನಮ್ಮೂರ ಗಟಾರಾನೂ ಹೊಳಿಗೇ ಬಿಟ್ಟೀವಿ, ಉಸುಕು ತೋಡಿ ತೋಡಿ ದಂಡಿ ಬರಿದು ಮಾಡೀವಿ, ಅದನ್ನ ಮುಚ್ಚಿಡಂಗಿಲ್ಲ.

ಮೀಟರ್ ಇಲ್ದನೂ ಹೊಳಿ ಓದಬಹುದು ರೀ. ಡ್ಯಾಮಿನ ಮ್ಯಾಲಿನ ಹಳ್ಳದಾಗ ಕಲ್ಲು ಎತ್ತಿ ನೋಡ್ರಿ, ಬಾಲದ ಸಣ್ಣ ಹುಳ ಕಲ್ಲಿಗೆ ಹತ್ಗೊಂಡಿರ್ತಾವ, ಅವಕ್ಕ ಆಕ್ಸಿಜನ್ ಬೇಕೇ ಬೇಕು. ಊರೊಳಗ ಬಂದು ಕೆಸರು ನೋಡ್ರಿ, ಕೆಂಪು ದಾರದಂಥ ಹುಳ ಅಷ್ಟೇ. ಮ್ಯಾಲ ಜಲಪರ್ಣಿ, ನಮ್ಮ ಕಡಿ ಅಂತರಗಂಗೆ ಅಂತೀವಲ್ಲ, ನಮ್ಮ ಸಂಡಾಸು, ಸಾಬೂನು ಪುಡಿ, ಹೊಲದ ಯೂರಿಯಾ, ಇವೆಲ್ಲಾ ಅದಕ್ಕ ಗೊಬ್ಬರ. ವರ್ಷಾ ಮಷೀನ್ ತಂದು ತಗೀತಾರ, ವರ್ಷಾ ಬೆಳೀತದ, ಗೊಬ್ಬರ ಬರೋದು ನಿಂತಿಲ್ಲಲ್ಲ.

ಹಳ್ಳಿ ನೀರು ಸ್ವಚ್ಛ ಅನ್ನೋ ಭ್ರಮಿ ಬ್ಯಾಡ. 2025ರ ಜನವರಿದಾಗ ಸಿಂಹಗಡ ರೋಡ್ ಕಡಿ, ಕಿರಕಟವಾಡಿ, ಧಾಯರಿ, ಖಡಕವಾಸಲಾ ಡ್ಯಾಮಿನ ಬಗಲಿನ ಊರುಗಳಾಗ ಜಿಬಿಎಸ್ ಬಂತಲ್ಲ, ಕೈಕಾಲು ಶಕ್ತಿ ಹೋಗೋ ರೋಗ, 200ಕ್ಕೂ ಹೆಚ್ಚು ಮಂದಿಗೆ ಅಂತ ಸಂಶಯ ಬಂತು, ರೋಗಿಗಳ ಸ್ಯಾಂಪಲ್‌ದಾಗ ಕ್ಯಾಂಪಿಲೋಬ್ಯಾಕ್ಟರ್ ಸಿಕ್ತು, ಎಲ್ಲಾರ ಕಣ್ಣು ಹೋಗಿದ್ದು ಕುಡಿಯೋ ನೀರಿನ ಮ್ಯಾಲೇ. ಹಳ್ಳಿ ಇದ್ದದ್ದು ಊರಾಗಿ ಬೆಳೀತು, ಬಿಲ್ಡಿಂಗ್ ಎದ್ವು, ಗಟಾರ ಪೈಪು ಹಿಂದ ಬಿತ್ತು.

ಈಗ ನನ್ನ ಸಿಟ್ಟು ಎಲ್ಲದ ಅಂದ್ರ, 44 ಕಿಲೋಮೀಟರ್ ಹೊಳಿ ದಂಡಿ ಅಭಿವೃದ್ಧಿ ಅಂತ ದಂಡಿ ಕಟ್ಲಿಕತ್ಯಾರ, ವಾಕಿಂಗ್ ಮಾಡೋ ಜಾಗ ಮಾಡ್ತಾರ. 2016ರಾಗ ಜಪಾನ್ ಸಾಲದ ಯೋಜನಾ ಮಂಜೂರಾತು, ಸುಮಾರು 990 ಕೋಟಿ, 11 ಎಸ್‌ಟಿಪಿ, ಅಂದ್ರ ಗಟಾರ ನೀರು ಸ್ವಚ್ಛ ಮಾಡೋ ಘಟಕ, ಅದು ಮೊದಲ ಮುಗೀಬೇಕಿತ್ತು. ದಂಡಿ ಮ್ಯಾಲಿನ ಗಿಡ, ಜೊಂಡು, ಕೆಸರು, ಅವೇ ಹೊಳಿಯ ಕಿಡ್ನಿ ಇದ್ದಂಗ, ಹಕ್ಕಿ ಗೂಡು ಕಟ್ಟೋದು ಅಲ್ಲೇ. ಅದನ್ನ ಕಿತ್ತು ಕಲ್ಲು ಕೂರಿಸಿದ್ರ ವಾಸನಿ ಹಿಡ್ಕೊಂಡು ವಾಕಿಂಗ್ ಮಾಡ್ಬೇಕಾಗ್ತದ. ಮೊದಲ ನಾಲಾ ನಿಲ್ಲಿಸ್ರಿ, ಆಮ್ಯಾಲ ದಂಡಿ ನೋಡೋಣ.

ನಮ್ಮ ಸೊಸೈಟಿದೂ ಹೇಳ್ಬೇಕು. ನಮ್ಮದು 300 ಮನಿ, ಕೆಳಗ ಎಸ್‌ಟಿಪಿ ಅದ, ಪೇಪರ್ ಮ್ಯಾಲ ಎಲ್ಲಾ ಸರಿ ಅದ. ಒಂದು ರಾತ್ರಿ ಕೆಳಗ ಹೋಗಿ ನೋಡಿದ್ರ ಗಾಳಿ ಊದೋ ಬ್ಲೋವರ್ ಬಂದ್. ವಾಚ್‌ಮನ್ ನಮ್ಮ ಯಾದಗಿರಿ ಕಡಿಯಂವ, ಕೇಳಿದ್ರ "ಕರೆಂಟ್ ಬಿಲ್ ಬಹಳ ಬರ್ತದಂತ್ರೀ ಅಣ್ಣಾ, ರಾತ್ರಿ ಹಚ್ಚಬ್ಯಾಡ ಅಂದಾರ" ಅಂದ. ಗಾಳಿ ಇಲ್ದ ಅದರಾಗಿನ ಬ್ಯಾಕ್ಟೀರಿಯಾ ಸಾಯ್ತಾವ, ಆಮ್ಯಾಲ ಅದು ಬರೇ ಟ್ಯಾಂಕು, ಹೊಲಸು ಒಂದು ಕಡಿಂದ ಬಂದು ಇನ್ನೊಂದು ಕಡಿಂದ ನಾಲಾಕ್ಕ ಹೋಗ್ತದ. ಮನಿಗೆ ತಿಂಗಳಿಗೆ ಒಂದು ಪಿಜ್ಜಾ ದುಡ್ಡೂ ಆಗಲ್ಲ ಆ ಕರೆಂಟು.

ಪುಣೆದಾಗ ಇದ್ದ ಕಲಬುರಗಿ, ವಿಜಯಪುರ, ಯಾದಗಿರಿ ಮಂದಿ, ಫ್ಲ್ಯಾಟ್‌ನಾಗ ಇರ್ರಿ, ಬಿಲ್ಡಿಂಗ್ ಕಟ್ಟೋ ಶೆಡ್‌ನಾಗ ಇರ್ರಿ, ಇದು ಮರಾಠಿ ಮಂದಿ ಹೊಳಿ, ನಮಗ್ಯಾಕ ಅನ್ನಬ್ಯಾಡ್ರಿ. ಸೊಸೈಟಿ ಮೀಟಿಂಗ್‌ನಾಗ ಎಸ್‌ಟಿಪಿ ಲಾಗ್‌ಬುಕ್ ಕೇಳ್ರಿ, ಹೊರಗ ಹೋಗೋ ನೀರಿನ ಲ್ಯಾಬ್ ರಿಪೋರ್ಟ್ ಕೇಳ್ರಿ, ಮರಾಠಿದಾಗೇ ಕೇಳ್ರಿ. ನಮ್ಮ ಮೀಟಿಂಗ್ ಬರೋ ತಿಂಗಳು ಮೊದಲನೇ ಐತವಾರ. ಬ್ಲೋವರ್ ಬಂದ್ ಇದ್ದ ನಾಲ್ಕು ರಾತ್ರಿ ವಿಡಿಯೋ ನನ್ನ ಹತ್ರ ಅದ, ಒಂದು ಬಾಟ್ಲಿದಾಗ ನಮ್ಮ ಎಸ್‌ಟಿಪಿ ನೀರು ತುಂಬ್ಕೊಂಡು ಹೋಗಿ ಟೇಬಲ್ ಮ್ಯಾಲ ಇಡ್ತೀನಿ. ಅವ್ವ ಅಲ್ಲೀತನ ಇಲ್ಲೇ ಇರ್ತಾಳ, ನಾನೂ ಬರ್ತೀನಿ ಅಂದಾಳ.