ಆ ಮೈನಸ್ಸನ್ನ ಅಳಿಸ್ಬೇಡಿ

ನಮಸ್ಕಾರ ಎಲ್ರಿಗೂ. ಇವತ್ತು ಸೆಕೆಂಡ್ ಪಿಯುಸಿ ಫಿಸಿಕ್ಸಲ್ಲಿ ಕೊನೇಗೆ ಬರೋ ಡ್ಯುಯಲ್ ನೇಚರ್, ಆಟಮ್ಸ್, ನ್ಯೂಕ್ಲಿಯೈ ಚಾಪ್ಟರ್‌ಗಳ ಬಗ್ಗೆ. ಫಾರ್ಮುಲಾ ಸುಲಭ ಅಂತ ಹುಡುಗ್ರು ದಿನಕ್ಕೆ ನೂರು ಎಂಸಿಕ್ಯೂ ಹೊಡೆದು ಮುಗಿಸಿಬಿಡ್ತಾರೆ, ನನ್ಗೆ ಅದು ಸರಿ ಅನ್ಸಲ್ಲ. ಒಂದೇ ಲೆಕ್ಕನ ತಿರುಗಿಸಿ ಮುರುಗಿಸಿ ಮಾಡಿ ಅಂತೀನಿ.

ನೋಡಿ, ಸೀಸಿಯಂ ಇದೆ, ವರ್ಕ್ ಫಂಕ್ಷನ್ (ಅಂದ್ರೆ ಎಲೆಕ್ಟ್ರಾನನ್ನ ಲೋಹದಿಂದ ಹೊರಗೆ ತರೋಕೆ ಬೇಕಾದ ಕನಿಷ್ಠ ಶಕ್ತಿ) 2.14 ಎಲೆಕ್ಟ್ರಾನ್ ವೋಲ್ಟ್, ಮೇಲೆ 600 ನ್ಯಾನೋಮೀಟರ್ ಬೆಳಕು ಬೀಳ್ತಿದೆ, ಎಲೆಕ್ಟ್ರಾನಿನ ಗರಿಷ್ಠ ಕೈನೆಟಿಕ್ ಎನರ್ಜಿ ಎಷ್ಟು? 1240ನ್ನ ನ್ಯಾನೋಮೀಟರಿನಲ್ಲಿರೋ ತರಂಗಾಂತರದಿಂದ ಭಾಗಿಸಿದ್ರೆ ಒಂದು ಫೋಟಾನಿನ, ಅಂದ್ರೆ ಬೆಳಕಿನ ಕಣದ, ಶಕ್ತಿ ಎಲೆಕ್ಟ್ರಾನ್ ವೋಲ್ಟಲ್ಲಿ ಸಿಗುತ್ತೆ; ಇಲ್ಲಿ 600ರಿಂದ ಭಾಗಿಸಿದ್ರೆ 2.07, ಅದ್ರಲ್ಲಿ 2.14 ಕಳೆದ್ರೆ ಮೈನಸ್ 0.07. ನನ್ ಹತ್ರ ಬರೋ ಮಕ್ಳಲ್ಲಿ ಎಷ್ಟೋ ಜನ ಇಲ್ಲಿ ರಬ್ಬರ್ ತಗೊಂಡು ಆ ಮೈನಸ್ ಅಳಿಸಿ 0.07 ಅಂತ ಬರೀತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಆ ಮೈನಸ್ಸೇ ಉತ್ತರ! ಫೋಟಾನ್ ಹತ್ರ ಅಷ್ಟು ಶಕ್ತಿ ಇಲ್ಲ, ಎಲೆಕ್ಟ್ರಾನ್ ಹೊರಗೇ ಬರಲ್ಲ, ಲೈಟನ್ನ ಹತ್ತು ಪಟ್ಟು ಜೋರು ಮಾಡಿದ್ರೂ ಬರಲ್ಲ. 1905ರಲ್ಲಿ ಐನ್‌ಸ್ಟೀನ್ ಹಿಡಿದಿದ್ದೇ ಈ ವಿಷ್ಯ, 1921ರ ನೊಬೆಲ್ ಸಿಕ್ಕಿದ್ದೂ ರಿಲೇಟಿವಿಟಿಗಲ್ಲ, ಈ ಫೋಟೋಎಲೆಕ್ಟ್ರಿಕ್ ಎಫೆಕ್ಟ್‌ಗೆ. ಈಗ 600 ತೆಗೆದು 500 ಹಾಕಿ, 0.34 ಬರುತ್ತೆ. ಗಡಿ ಎಲ್ಲಿ ಅಂತ ಹುಡುಕಿ, 579ರ ಹತ್ರ ಸಿಗುತ್ತೆ.

"ಸರ್, ಸಿಇಟಿಲಿ 60 ಪ್ರಶ್ನೆಗೆ 80 ನಿಮಿಷ, ಇಷ್ಟೆಲ್ಲಾ ಯೋಚ್ನೆ ಮಾಡೋಕೆ ಟೈಮೆಲ್ಲಿ?" ಅಂತ ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ಆದ್ರೆ ಆ 579 ತಲೇಲಿ ಕೂತವ್ನು 600 ಅಂತ ಕಂಡ ತಕ್ಷಣ ಲೆಕ್ಕಾನೇ ಮಾಡ್ದೆ ಟಿಕ್ ಹಾಕ್ತಾನೆ.

ನ್ಯೂಕ್ಲಿಯೈ ಚಾಪ್ಟರ್‌ಗೆ ನಮ್ ಕೈಗಾ ಅಣು ವಿದ್ಯುತ್ ಸ್ಥಾವರಾನೇ ತಗೊಳ್ಳಿ, ದಿನಕ್ಕೆ ಎಷ್ಟು ಯುರೇನಿಯಂ ಬೇಕು ಅಂತ ನೋಡೋಣ. ಒಂದು ಯೂನಿಟ್ 220 ಮೆಗಾವ್ಯಾಟ್. ಒಂದು ಫಿಶನ್‌ಗೆ, ಅಂದ್ರೆ ಒಂದು ನ್ಯೂಕ್ಲಿಯಸ್ ಒಡೆದ್ರೆ, 200 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್), ಅಂದ್ರೆ 3.2 ಇಂಟು ಹತ್ತರ ಘಾತ ಮೈನಸ್ 11 ಜೂಲ್, ಕೈಗೆ ಸಿಗದಷ್ಟು ಚಿಕ್ಕದು. ಶಕ್ತಿಯೆಲ್ಲಾ ಯುರೇನಿಯಂ 235ರಿಂದಾನೇ ಬರುತ್ತೆ ಅಂತ ಇಟ್ಕೊಂಡು ಭಾಗಿಸ್ತಾ ಹೋಗಿ, ಸೆಕೆಂಡಿಗೆ 2.7 ಮಿಲಿಗ್ರಾಂ, ದಿನಕ್ಕೆ 230 ಗ್ರಾಂ ಚಿಲ್ಲರೆ. ಶಾಖದಲ್ಲಿ ಮೂರನೇ ಒಂದು ಭಾಗ ಮಾತ್ರ ಕರೆಂಟಾಗುತ್ತೆ, ಹಾಗಾಗಿ ಸುಮಾರು 700 ಗ್ರಾಂ. ಒಂದು ಕೆಜಿ ಸಕ್ಕರೆ ಪ್ಯಾಕೆಟ್‌ಗಿಂತ ಕಮ್ಮಿ, ಅದೂ ಇಡೀ ದಿನಕ್ಕೆ! ಮೊದಲ ಸಲ ಈ ಲೆಕ್ಕ ಮಾಡ್ದಾಗ ಎಲ್ಲೋ ಸೊನ್ನೆ ಬಿಟ್ಟಿದೀನಿ ಅನ್ಕೊಂಡು ಮೂರು ಸಲ ಮಾಡಿದ್ದೆ.

ಈಗ ಅದೇ ಕರೆಂಟನ್ನ ರಾಯಚೂರಿನ ಥರ್ಮಲ್ ಸ್ಟೇಷನ್ನಲ್ಲಿ ಮಾಡೋಕೆ ಎಷ್ಟು ಟನ್ ಕಲ್ಲಿದ್ದಲು ಬೇಕು? ಕೆಜಿಗೆ 16 ಮೆಗಾಜೂಲ್, ಎಫಿಷಿಯೆನ್ಸಿ ಅದೇ ಮೂರನೇ ಒಂದು ಅಂತ ಇಟ್ಕೊಳ್ಳಿ. ಮೊದ್ಲು ಅಂದಾಜು ಬರೀರಿ, ಆಮೇಲೆ ಲೆಕ್ಕ.