ಹಾವಿನ ಬಾಣಂತನ

ಕೇಳುಗರಿಗೆ ನಮಸ್ಕಾರ. ನಾನು ಬೆಳಗಾವಿಯಲ್ಲಿ ದನದ ಡಾಕ್ಟರ್. ಆದರೆ ಇವತ್ತು ಎಮ್ಮೆ ಸುದ್ದಿ ಇಲ್ಲ, ಹಾವಿನ ಸುದ್ದಿ. ಅದೂ ಹಾವಿನ ಹೆರಿಗೆ ಸುದ್ದಿ! ನಗಬೇಡಿ. ತತ್ತಿ ಒಳಗೇ ಸಿಕ್ಕಿಕೊಂಡರೆ ಕೋಳಿ ಹೇಗೆ ಮೂಲೆ ಹಿಡಿದು ಕೂರುತ್ತದೆ ಅಂತ ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಸಾಕಿದ ಹಾವಿಗೂ ಹಾಗೇ ಆಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಾಗರಹಾವು, ಕೇರೆಹಾವು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ನಾನು ಹೇಳುತ್ತಿರುವುದು ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಅಂತ ಹೊರದೇಶದ ಹಾವುಗಳ ವಿಷಯ. ಈಗ ನಮ್ಮ ಊರಿನ ಹುಡುಗರೂ ಸಾಕುತ್ತಾರೆ. ಅವರಿಗೆ ನನ್ನದು ಒಂದೇ ಮಾತು: ಹೊಟ್ಟೆ ಒತ್ತಬೇಡಿ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತಲೆದಿಂಬಿನ ಕವರಿನಲ್ಲಿ ಕಾರ್ನ್ ಸ್ನೇಕ್ ಹಾಕಿಕೊಂಡು ಬಂದ. ಹೊರಗೆ ಜಿಟಿಜಿಟಿ ಮಳೆ. ಹಿಂದೆಯೇ ಅವನ ಆಯಿ. "ಡಾಕ್ಟರ್ ಸಾಹೇಬ್ರ, ಇದರ ಬಾಣಂತನ ಮುಗಿಸಿ ಕೊಡ್ರಿ, ಮನ್ಯಾಗ ಯಾರಿಗೂ ನಿದ್ದಿ ಇಲ್ಲ" ಅಂದರು. ಹಾವು ಹದಿಮೂರು ತತ್ತಿ ಇಟ್ಟು ಎರಡು ದಿನ ಆಗಿತ್ತು. ಇನ್ನೂ ಎರಡು ಒಳಗೇ ಇದ್ದವು. ಬಾಲದ ಕಡೆ ಎರಡು ಗಂಟು ಕಣ್ಣಿಗೇ ಕಾಣುತ್ತಿದ್ದವು.

"ಒತ್ತಿದ್ಯೇನೋ?" ಅಂದೆ. "ಹಗೂರಕ ಒತ್ತೀನ್ರಿ" ಅಂದ. ಅದೇನು ಟೂತ್‌ಪೇಸ್ಟಾ? ತತ್ತಿ ಬರುವ ನಾಳ ತೆಳುವಾಗಿರುತ್ತದೆ. ಒತ್ತಿದರೆ ಹರಿಯುತ್ತದೆ, ಇಲ್ಲವೇ ತತ್ತಿ ಒಳಗೇ ಒಡೆಯುತ್ತದೆ. ಕೆಲವೊಮ್ಮೆ ನಾಳವೇ ಹೊರಗೆ ಜಾರಿ ಬರುತ್ತದೆ. ಇವನ ಪುಣ್ಯ, ಏನೂ ಆಗಿರಲಿಲ್ಲ.

ಎಲ್ಲಿ ಇಟ್ಟಿದ್ದೆ ಅಂತ ಕೇಳಿದೆ. ಗಾಜಿನ ಪೆಟ್ಟಿಗೆ, ಅಡಿಗೆ ಹಳೇ ಪೇಪರ್, ಅಷ್ಟೇ. ಸಾಲದ್ದಕ್ಕೆ ಹತ್ತು ನಿಮಿಷಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡುತ್ತಿದ್ದನಂತೆ! ಕೋಳಿಗಾದರೆ ಬುಟ್ಟಿ, ಹುಲ್ಲು ಇಡುತ್ತೀವಿ, ಅಲ್ವಾ? ಇದಕ್ಕೂ ಮರೆ ಬೇಕು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಮಾಡಿ, ಒಳಗೆ ತೆಂಗಿನ ನಾರಿನ ಪುಡಿ ಒದ್ದೆ ಮಾಡಿ ಹಾಕಿದೆ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟು ಒದ್ದೆ. ಡಬ್ಬಿಯ ಕಡೆ 30 ಡಿಗ್ರಿ ಬಿಸಿ. ಮೈಯಲ್ಲಿ ನೀರು ಕಡಿಮೆಯಾಗಿತ್ತು, ಸಲೈನ್ ಕೊಟ್ಟೆ. ಲೈಟ್ ಆರಿಸಿ ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಒಂದು ತತ್ತಿ ಬಂದಿತ್ತು. ಹಳದಿ ಬಣ್ಣ, ಮುದುಡಿದ್ದು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಎಕ್ಸ್‌ರೇ ತೆಗೆದು, ಹಾವಿಗೆ ಮಂಪರು ಕೊಟ್ಟು, ಹೊಟ್ಟೆಯ ಪಕ್ಕದಿಂದ ಸೂಜಿ ಹಾಕಿ ತತ್ತಿ ಒಳಗಿನದನ್ನು ಎಳೆದೆ. ಬರಲೇ ಇಲ್ಲ! ಕಟ್ಟಿದ ಮೊಸರಿನ ಹಾಗೆ ಗಟ್ಟಿಯಾಗಿಬಿಟ್ಟಿತ್ತು. ದಪ್ಪ ಸೂಜಿ ಹಾಕಿದೆ, ಆಗ ನಿಧಾನಕ್ಕೆ ಬಂತು. ಹಾವಿನ ತತ್ತಿ ಸಿಪ್ಪೆ ತೊಗಲಿನ ಹಾಗಿರುತ್ತದೆ, ಗಾಳಿ ಬಿಟ್ಟ ಬಲೂನಿನಂತೆ ಕುಸಿಯಿತು. ಮರುದಿನ ತಾನೇ ಹೊರಗೆ ಬಂತು. ಅದೂ ಆಗದಿದ್ದರೆ ಆಪರೇಷನ್ ಮಾಡಬೇಕಿತ್ತು. ಆಯಿ ಸಂಜೆ ಶಿರಾ ಮಾಡಿಕೊಂಡು ಬಂದರು. ನನಗೆ, ಹಾವಿಗಲ್ಲ.

ಅಯ್ಯೋ, ಟೈಮ್ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಕೊಬ್ಬಿದ ಹಾವು, ಇನ್ನೂ ಬೆಳೆಯದ ಹಾವು, ಇವೆರಡಕ್ಕೂ ತ್ರಾಸು ಜಾಸ್ತಿ. ಅಂಥವನ್ನು ಜೋಡಿ ಮಾಡಲೇಬೇಡಿ. ತತ್ತಿಗೆ ಮುಂಚೆ ಪೊರೆ ಬಿಡುತ್ತದೆ, ಆ ತಾರೀಖು ಕ್ಯಾಲೆಂಡರ್ ಮೇಲೆ ಬರೆದಿಡಿ. ಕಾರ್ನ್ ಸ್ನೇಕ್ ಆದರೆ ಅಲ್ಲಿಂದ ಸುಮಾರು ಎರಡು ವಾರ, ಬಾಲ್ ಪೈಥಾನ್ ಆದರೆ ಸುಮಾರು ಒಂದು ತಿಂಗಳು. ಕೆಲವು ತತ್ತಿ ಇಟ್ಟು ನಿಲ್ಲಿಸಿದೆ, ಒಂದು ದಿನ ಕಳೆದರೂ ಗಂಟು ಹಾಗೇ ಇದೆ ಅಂದರೆ ಕರೆದುಕೊಂಡು ಬನ್ನಿ. ತಡವಾದಷ್ಟೂ ತತ್ತಿ ನಾಳಕ್ಕೆ ಅಂಟಿಕೊಳ್ಳುತ್ತದೆ. ದನಕ್ಕೆ ಹಾಕುವ, ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಆಮೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಹಾವಿಗೆ ಅಷ್ಟಾಗಿ ಇಲ್ಲ.

ಮತ್ತೆ, ಹೊಟ್ಟೆ ಒತ್ತಬೇಡಿ. ಹೇಳಿದೆ ಅಲ್ವಾ?

ಇನ್ನೊಂದು. ಬಾಲ್ ಪೈಥಾನ್ ತತ್ತಿ ಇಟ್ಟ ಮೇಲೆ ಅದನ್ನೇ ಸುತ್ತಿಕೊಂಡು ಕೂರುತ್ತದೆ. ಅದು ರೋಗ ಅಲ್ಲ, ಕಾವಲು. ಮೊನ್ನೆ ಒಬ್ಬರು ಅದಕ್ಕೂ ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ದರು. ನಮಸ್ಕಾರ.