ಟರ್ಬೊ ಕೂಗಿದರೆ ಮೊದಲು ಬೆರಳಿಟ್ಟು ನೋಡಿ

ನಮಸ್ಕಾರ. ಡೀಸೆಲ್ ಗಾಡಿ ಇರುವವರೆಲ್ಲ ರೇಡಿಯೊದ ಶಬ್ದ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಪಿಕಪ್ ಓಡಿಸುವವರು, ಬಾಡಿಗೆ ಕಾರಿನವರು, ತೋಟಕ್ಕೆ ಒಂದು ಜೀಪು ಇಟ್ಟುಕೊಂಡವರು, ನಿಮಗೇ ಹೇಳುತ್ತಿರುವುದು. ಈಗಿನ ಡೀಸೆಲ್ ಕಾರು, ಪಿಕಪ್ಪುಗಳಲ್ಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಟರ್ಬೊ ಇದೆ. ಅದು ವಿಚಿತ್ರವಾಗಿ ಕೂಗಲು ಶುರು ಮಾಡಿದರೆ ಏನು ಮಾಡಬೇಕು ಅಂತ ತಿಳಿಸಲು ನನ್ನನ್ನು ಕರೆದಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಶಬ್ದ ಕೇಳಿ ಟರ್ಬೊ ಬದಲಾಯಿಸಬೇಡಿ. ಪೈಪ್ ಬಿಚ್ಚಿ, ಬೆರಳಿಟ್ಟು ನೋಡಿ.

ಟರ್ಬೊ ಅಂದರೆ ಏನು? ಜಾತ್ರೆಯಲ್ಲಿ ಗಿರಗಿಟ್ಲೆ ಮಾರುತ್ತಾರಲ್ಲ, ಅಂಥ ಎರಡು ಗಿರಗಿಟ್ಲೆಗಳನ್ನು ಒಂದೇ ಕಡ್ಡಿಯ ಎರಡು ತುದಿಗೆ ಸಿಕ್ಕಿಸಿದ ಹಾಗೆ. ಇಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ. ಕಡ್ಡಿ ಒಂದೇ ಆದ್ದರಿಂದ ಇನ್ನೊಂದೂ ತಿರುಗಿ, ಗಾಳಿಯನ್ನು ಇಂಜಿನ್ನಿನ ಒಳಗೆ ಒತ್ತುತ್ತದೆ. ಆಲ್ಫ್ರೆಡ್ ಬುಷಿ ಎಂಬ ಸ್ವಿಟ್ಜರ್ಲೆಂಡಿನ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸುಮ್ನೆ ಹೊರಗೆ ಹೋಗುವ ಹೊಗೆಯನ್ನು ದುಡಿಸಿಕೊಂಡ ಪುಣ್ಯಾತ್ಮ. ನನಗಂತೂ ಇವತ್ತಿಗೂ ಟರ್ಬೊ ಕೈಗೆ ಸಿಕ್ಕರೆ ಒಂದು ಸಲ ಬೀಸಿ ತಿರುಗಿಸದೆ ಕೆಳಗಿಡಲು ಮನಸ್ಸಾಗುವುದಿಲ್ಲ.

ಈ ಕಡ್ಡಿಗೆ ನಾವು ಶಾಫ್ಟ್ ಅನ್ನುತ್ತೇವೆ. ನಿಮ್ಮ ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿದರೆ ಕಿರುಚಾಡುತ್ತದೆ. ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಸಣ್ಣ ಟರ್ಬೊ ಆದರೆ ಎರಡು ಲಕ್ಷದ ಹತ್ತಿರ ಹೋಗುತ್ತದೆ. ಅಷ್ಟು ವೇಗಕ್ಕೆ ಬರೀ ಲೋಹ ತಡೆಯುವುದಿಲ್ಲ. ಅದಕ್ಕೇ ಶಾಫ್ಟ್ ಅದನ್ನು ಹಿಡಿದಿಡುವ ಬಳೆಯಂಥ ಬುಷ್ಷಿನ ಒಳಗೆ ಆಯಿಲ್ ಮೇಲೆ ತೇಲುತ್ತಿರುತ್ತದೆ. ತೇಲಬೇಕಾದರೆ ಆಯಿಲ್‌ಗೆ ಜಾಗ ಬೇಕು, ಅಲ್ವಾ? ಆದ್ದರಿಂದ ಇಂಜಿನ್ ನಿಂತಿರುವಾಗ ಶಾಫ್ಟ್ ಅಕ್ಕಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ. ಆ ಅಲ್ಲಾಟ ಕಾಯಿಲೆ ಅಲ್ಲ. ಇದನ್ನು ಅರ್ಥ ಮಾಡಿಕೊಳ್ಳದೆ ನಾನೇ ಒಬ್ಬರ ದುಡ್ಡು ಹಾಳು ಮಾಡಿದ್ದೇನೆ.

ಅದನ್ನು ಹೇಳಲೇಬೇಕು. ಒಬ್ಬರು ಮೀನಿನ ವ್ಯಾಪಾರಿ. ಮಲ್ಪೆಯಲ್ಲಿ ಮೀನು ತುಂಬಿಸಿಕೊಂಡು ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬರುತ್ತಿದ್ದರು. ಒಂದು ದಿನ ಗ್ಯಾರೇಜಿಗೆ ಬಂದು, "ಮೇಸ್ತ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತುವಾಗ ಗಾಡಿ ಪೊಲೀಸ್ ಸೈರನ್ ಹಾಗೆ ಕೂಗ್ತದೆ ಮಾರಾಯ್ರೇ. ಪಿಕಪ್ಪೇ ಇಲ್ಲ" ಅಂದರು. ನಾನು ಜೊತೆಗೆ ಕೂತು ಒಂದು ಏರು ಹತ್ತಿಸಿ ನೋಡಿದೆ. ಹೌದು, ಕೂಗುತ್ತಿದೆ. ಹಿಂದೆ ಕಪ್ಪು ಹೊಗೆ. ಆಗ ನಾನಿನ್ನೂ ಹುಡುಗ, ಕಿವಿಯ ಮೇಲೆ ಬಹಳ ನಂಬಿಕೆ. "ಟರ್ಬೊ ಹೋಗಿದೆ" ಅಂತ ಅಲ್ಲೇ ತೀರ್ಪು ಕೊಟ್ಟೆ.

ಬಿಚ್ಚಿದೆ. ಬಿಚ್ಚಿದ ಟರ್ಬೊವನ್ನು ಅವರ ಮುಂದೆ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ, "ನೋಡಿ, ಎಷ್ಟು ಪ್ಲೇ ಬಂದಿದೆ" ಅಂತ ತೋರಿಸಿದೆ. ಹೊಸದು ಬಂತು. ಅವರು ಡಬ್ಬದಿಂದ ತೆಗೆದು ಅದನ್ನೂ ಅಲ್ಲಾಡಿಸಿದರು. "ಮೇಸ್ತ್ರಿ, ಇದೂ ಅಲ್ಲಾಡ್ತದಲ್ಲ?" ಅಂದರು. ನಾನು, "ಹೊಸದು ಹಾಗೇ ಇರುತ್ತೆ, ಓಡಿದ ಮೇಲೆ ಸರಿಹೋಗುತ್ತೆ" ಅಂದೆ! ಸರಿಯಾದ ಪ್ರಶ್ನೆ ಕೇಳಿದ್ದು ಮೀನು ಮಾರುವವರು. ಉತ್ತರ ಗೊತ್ತಿಲ್ಲದೆ ಬಾಯಿ ಬಿಟ್ಟದ್ದು ಮೇಸ್ತ್ರಿ.

ನಾಲ್ಕನೇ ದಿನಕ್ಕೆ ಗಾಡಿ ವಾಪಸ್. ಅದೇ ಸೈರನ್, ಅದೇ ಹೊಗೆ. ನಾನು ಬಾನೆಟ್ ಎತ್ತಿ ರೇಸ್ ಮಾಡಿದೆ, ಏನೂ ಶಬ್ದ ಇಲ್ಲ. ಯಾಕೆ ಇರುತ್ತದೆ ಹೇಳಿ? ನಿಂತ ಗಾಡಿಯಲ್ಲಿ ಲೋಡ್ ಇಲ್ಲ. ಲೋಡ್ ಇಲ್ಲದಿದ್ದರೆ ಟರ್ಬೊ ಗಾಳಿಯನ್ನು ಜೋರಾಗಿ ಒತ್ತುವುದಿಲ್ಲ. ನಾನು ತಲೆ ಕೆರೆದುಕೊಳ್ಳುತ್ತಾ ನಿಂತಿದ್ದಾಗ ಗಾಡಿಯ ಕ್ಲೀನರ್ ಹುಡುಗ ಬಗ್ಗಿ ನೋಡಿ, "ಅಣ್ಣಾ, ಈ ಪೈಪಿನ ಅಡಿ ಯಾಕೆ ಚಂಡಿ?" ಅಂದ. ಕರಾವಳಿಯವರು ಒದ್ದೆಗೆ ಚಂಡಿ ಅನ್ನುತ್ತಾರೆ. ಟರ್ಬೊದಿಂದ ಇಂಟರ್‌ಕೂಲರಿಗೆ, ಅಂದರೆ ಒತ್ತಿದ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿಗೆ, ಹೋಗುವ ರಬ್ಬರ್ ಹೋಸು. ಅದರ ಅಡಿಭಾಗದಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ, ಎರಡು ಇಂಚಿನ ಸೀಳು. ಸುಮ್ಮನಿದ್ದಾಗ ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಒತ್ತಡ ಬಂದಾಗ ಬಾಯಿ ತೆರೆದು ಸಿಳ್ಳೆ ಹೊಡೆಯುತ್ತದೆ. ಗಾಳಿ ಅಲ್ಲೇ ಸೋರಿದ ಮೇಲೆ ಇಂಜಿನ್ನಿಗೆ ಸಾಲುವುದಿಲ್ಲ, ಅದಕ್ಕೇ ಪಿಕಪ್ ಇಲ್ಲ, ಅದಕ್ಕೇ ಕಪ್ಪು ಹೊಗೆ. ಗಾಳಿಯ ಜೊತೆ ಬಂದ ಒಂದಿಷ್ಟು ಆಯಿಲ್ ಜಿನುಗಿ, ಧೂಳು ಮೆತ್ತಿಕೊಂಡು ಅಲ್ಲಿ ಒದ್ದೆ.

ಹೋಸಿಗೆ ಸಾವಿರ ಚಿಲ್ಲರೆ ಆಯಿತು. ಟರ್ಬೊಗೆ ಎಷ್ಟಾಗಿತ್ತು ಅಂತ ರೇಡಿಯೊದಲ್ಲಿ ಹೇಳಲು ನಾಚಿಕೆ. ನಾನು ಕೊಡಲು ಹೋದ ದುಡ್ಡು ಅವರು ಪೂರ್ತಿ ತೆಗೆದುಕೊಳ್ಳಲಿಲ್ಲ. ಹಳೆಯ ಟರ್ಬೊ ಮಾತ್ರ ಕೇಳಿ ತೆಗೆದುಕೊಂಡು ಹೋದರು. ಈಗಲೂ ಅವರ ಮನೆಯ ಷೋಕೇಸಿನಲ್ಲಿ ಇದೆ. ನಾನು ಹೋದಾಗಲೆಲ್ಲ ಅಲ್ಲಾಡಿಸಿ ತೋರಿಸುತ್ತಾರೆ.

ಹಾಗಾದರೆ ನೋಡುವುದು ಹೇಗೆ? ಇಂಜಿನ್ ಆಫ್ ಮಾಡಿ. ಪೂರ್ತಿ ತಣ್ಣಗಾಗಲಿ. ತಿರುಗುತ್ತಿರುವ ಟರ್ಬೊ ಹತ್ತಿರ ಬೆರಳು ಒಯ್ದರೆ ಬೆರಳು ಉಳಿಯುವುದಿಲ್ಲ, ಹಾಗಾಗಿ ಕೀಲಿ ಜೇಬಿನಲ್ಲಿರಲಿ. ಏರ್ ಫಿಲ್ಟರ್ ಕಡೆಯಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿ. ಒಳಗೆ ರೆಕ್ಕೆಯ ಚಕ್ರ, ಅದರ ನಡುವೆ ಒಂದು ನಟ್ ಕಾಣುತ್ತದೆ. ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ಹೊರಕ್ಕೆ ತಳ್ಳಿ ಎಳೆಯಿರಿ. ಇಲ್ಲಿ ಅಲ್ಲಾಟ ಇರಲೇಬಾರದು ಅಂದುಕೊಳ್ಳಿ. ಇರುವುದೇನಿದ್ದರೂ ಒಂದು ಕಾಗದದ ಹಾಳೆಯ ದಪ್ಪಕ್ಕಿಂತ ಕಮ್ಮಿ. ಟಕ್ ಟಕ್ ಅಂತ ಕೈಗೆ ಗೊತ್ತಾದರೆ ಟರ್ಬೊ ಮುಗಿಯಿತು. ಆಮೇಲೆ ಅದನ್ನೇ ಒಂದು ಪಕ್ಕಕ್ಕೆ ಒತ್ತಿ ಹಿಡಿದು ತಿರುಗಿಸಿ. ರೆಕ್ಕೆ ಗೋಡೆಗೆ ತಾಗಿ ಕೆರೆಯಿತಾ? ಗೋಡೆಯಲ್ಲಿ ಉಜ್ಜಿದ ಗೆರೆ ಇದೆಯಾ? ರೆಕ್ಕೆಯ ಅಂಚು ಮುಕ್ಕಾಗಿದೆಯಾ? ಇದ್ದರೆ ಗಾಡಿ ಓಡಿಸಬೇಡಿ. ಯಾವುದೂ ಇಲ್ಲ, ಬರೀ ಅಕ್ಕಪಕ್ಕ ಸ್ವಲ್ಪ ಅಲ್ಲಾಟ, ಅಷ್ಟೇನಾ? ಪೈಪ್ ಹಾಕಿ, ಹೋಸುಗಳ ಅಡಿ ಕೈಯಾಡಿಸಿ ನೋಡಿ.

ನನ್ನ ಸಮಯ ಮುಗಿಯುತ್ತಾ ಬಂತು, ಗಾಜಿನ ಆಚೆ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಬುಸ್ ಅಂತ ಗಾಳಿ ಬಿಟ್ಟ ಶಬ್ದ ಬಂದರೆ ಸಾಮಾನ್ಯವಾಗಿ ಹೋಸು. ಲೋಹ ಕೆರೆದ ಶಬ್ದ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ. ನೀಲಿ ಹೊಗೆ ಬಂದು ಆಯಿಲ್ ಕಮ್ಮಿಯಾಗುತ್ತಿದ್ದರೂ ಶಾಫ್ಟ್ ಸರಿ ಇದ್ದರೆ, ಟರ್ಬೊದಿಂದ ಆಯಿಲ್ ಕೆಳಗಿಳಿಯುವ ಪೈಪ್ ಕಟ್ಟಿದೆಯಾ, ಇಂಜಿನ್ನಿನ ಒಳಗಿನ ಹಬೆ ಹೊರಗೆ ಬಿಡುವ ಬ್ರೀದರ್ ಕಟ್ಟಿದೆಯಾ ನೋಡಿಸಿ. ಟರ್ಬೊ ನಿಜವಾಗಿ ಹೋಗಿದ್ದರೆ ಯಾಕೆ ಹೋಯಿತು ಅಂತ ಮೇಸ್ತ್ರಿಯನ್ನು ಕೇಳಿ. ಹೆಚ್ಚಾಗಿ ಕೊಳೆ ಆಯಿಲ್, ಇಲ್ಲವೇ ಕಟ್ಟಿದ ಆಯಿಲ್ ಪೈಪ್. ಅದನ್ನು ಸರಿ ಮಾಡದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಹೊಸದರ ಆಯಿಲ್ ತೂತಿಗೆ ಶುದ್ಧ ಆಯಿಲ್ ಹೊಯ್ದೇ ಸ್ಟಾರ್ಟ್ ಮಾಡಲಿ. ಘಾಟಿ ಹತ್ತಿ ಚಹಾಕ್ಕೆ ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಬೇಡಿ, ಒಂದೆರಡು ನಿಮಿಷ ಸ್ಲೋದಲ್ಲಿ ಬಿಡಿ.

ಮತ್ತೆ ಯಾರಾದರೂ ನಿಮ್ಮ ಮುಂದೆ ಟರ್ಬೊ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ತೋರಿಸಿದರೆ, "ಒಳಕ್ಕೆ ಹೊರಕ್ಕೆ ಎಳೆದು ತೋರಿಸಿ ಅಣ್ಣಾ" ಅನ್ನಿ. ಹಾಂ, ಕೆಂಪು ದೀಪ ಹತ್ತಿತು. ನಮಸ್ಕಾರ.